ಕ್ಲಬ್‌ನ ಸಿಡಿಜೆಯೋ, ನಿಮ್ಮದೇ ಕಂಟ್ರೋಲರೋ?

ಮನೆಯಲ್ಲಿ ಕಂಟ್ರೋಲರ್ (ಲ್ಯಾಪ್‌ಟಾಪ್‌ಗೆ ಜೋಡಿಸಿ ಹಾಡು ಬೆರೆಸುವ ಡಿಜೆ ಸಾಧನ) ಮೇಲೆ ಕೈ ಪಳಗಿದವರಿಗೆ ಅದನ್ನೇ ಕ್ಲಬ್‌ಗೆ ಹೊತ್ತೊಯ್ಯುವ ಆಸೆ ಸಹಜ. ಗುಂಡಿಗಳೆಲ್ಲ ಪರಿಚಿತ. ಆದರೆ ಡಿಜೆ ಬೂತ್‌ನಲ್ಲಿ ಅದನ್ನಿಡಲು ಜಾಗ ಸಿಗುವುದೇ ಕಷ್ಟ. ಮೇಲಾಗಿ ಹಿಂದಿನವರ ಹಾಡು ಓಡುತ್ತಿರುವಾಗಲೇ ಮಿಕ್ಸರ್‌ನ ಹಿಂಬದಿಗೆ ಕೈ ಹಾಕಿ, ಕತ್ತಲಲ್ಲಿ ತಡಕಾಡಿ ಕೇಬಲ್ ಜೋಡಿಸಬೇಕು.

ಪೆನ್‌ಡ್ರೈವ್ ಹಿಡಿದು ಹೋಗಿ ಕ್ಲಬ್‌ನಲ್ಲೇ ಇರುವ ಸಿಡಿಜೆಗೆ (ಡಿಜೆಗಳು ಹಾಡು ನುಡಿಸುವ ಪ್ಲೇಯರ್) ಸಿಕ್ಕಿಸಿದರೆ ಆ ರಗಳೆಯಿಲ್ಲ, ತಯಾರಿ ಮಾತ್ರ ಹೆಚ್ಚು. ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ, ಹಾಡುಗಳನ್ನು ರೆಕಾರ್ಡ್‌ಬಾಕ್ಸ್ ಎಂಬ ಡಿಜೆ ತಂತ್ರಾಂಶದಿಂದಲೇ ಅದಕ್ಕೆ ತುಂಬಿಸಿ. ಯಂತ್ರ ಯಾವುದೆಂದು ಮೊದಲೇ ವಿಚಾರಿಸಿ. 2009ರ ಸಿಡಿಜೆ-2000ದಲ್ಲಿ ಹಾಟ್ ಕ್ಯೂ (ಹಾಡಿನಲ್ಲಿ ಗುರುತಿಟ್ಟ ಜಾಗಕ್ಕೆ ನೆಗೆಯುವ ಗುಂಡಿ) ಮೂರೇ, ಹಾಡುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿಯಿಲ್ಲ, ಫ್ಲ್ಯಾಕ್ (ಗುಣಮಟ್ಟ ಕುಂದದ ಆಡಿಯೊ) ಕಡತ ಓಡುವುದಿಲ್ಲ; 2020ರ ಸಿಡಿಜೆ-3000ದಲ್ಲಿ ಇವೆಲ್ಲವೂ ಉಂಟು, ಹಾಟ್ ಕ್ಯೂ ಎಂಟು. ಉತ್ತರ ಸಿಗದಿದ್ದರೆ ಎಂಪಿ3 ಒಯ್ಯುವುದೇ ಕ್ಷೇಮ. ಬೂತ್ ಹೊಕ್ಕ ಕೂಡಲೇ ಟೆಂಪೊ ವ್ಯಾಪ್ತಿ (ಸ್ಲೈಡರ್ ಹಾಡಿನ ವೇಗವನ್ನು ಶೇಕಡಾ ಎಷ್ಟರವರೆಗೆ ಬದಲಿಸಬಲ್ಲದು ಎಂಬುದು) ನೋಡಿಕೊಳ್ಳಿ: ಹಿಂದಿನವರು ಅದನ್ನು ±16ರಲ್ಲಿ ಬಿಟ್ಟಿದ್ದರೆ, ±6ಕ್ಕೆ ಒಗ್ಗಿದ ಬೆರಳಿನ ಸಣ್ಣ ತಳ್ಳುವಿಕೆಯೂ ತಾಳ ತಪ್ಪಿಸುತ್ತದೆ.

ಹಲವರು ಸರದಿಯಲ್ಲಿ ನುಡಿಸುವ ರಾತ್ರಿಗೆ ನನ್ನ ಮತ ಪೆನ್‌ಡ್ರೈವ್‌ಗೇ. ಅದೂ ಒಂದಲ್ಲ, ಎರಡು. ರಾತ್ರಿಯಿಡೀ ನೀವೊಬ್ಬರೇ ಇದ್ದು, ಜನ ಬರುವ ಮುನ್ನ ಧ್ವನಿ ಪರೀಕ್ಷೆಗೆ ಬಿಡುವು ಸಿಗುವುದಾದರೆ ಕಂಟ್ರೋಲರ್ ಧಾರಾಳವಾಗಿ ಒಯ್ಯಿರಿ.