ಜಿಆರ್‌ಬಿಯ ಕಡಿಮೆ ಶಕ್ತಿಯ ಎಕ್ಸ್-ರೇ: ಯಾವ ಉಪಗ್ರಹದ ಡೇಟಾ ಒಳ್ಳೇದು? ಹಾಸನದಲ್ಲಿ ಕೂತು ಬಳಸಿ ನೋಡಿದ ಹೋಲಿಕೆ

ದೂರದ ಗೆಲಾಕ್ಸಿಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಭಾರಿಯಾಗಿ ಹೊಳೆಯುವ ಗಾಮಾ ಕಿರಣ ಸ್ಫೋಟ (ಜಿಆರ್‌ಬಿ) ಅಂದ ಕೂಡಲೇ ಎಲ್ಲರ ಗಮನ ಗಾಮಾ ಕಿರಣದ ಮೇಲೇ ಹೋಗುತ್ತದೆ. ನನ್ನ ಆಸಕ್ತಿ ಅದರ ಕೆಳತುದಿಯಲ್ಲಿ, ಅಂದರೆ 10 ಕೆಇವಿಗಿಂತ (ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್, ಫೋಟಾನ್ ಶಕ್ತಿಯ ಅಳತೆ) ಕಡಿಮೆ ಶಕ್ತಿಯ ಎಕ್ಸ್-ರೇಯಲ್ಲಿ. ಹಾಸನದ ಒಂದು ಪದವಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕೊನೆ ವರ್ಷದವರಿಗೆ ಪ್ರಾಜೆಕ್ಟ್ ಕೊಡಬೇಕಲ್ಲ, ಸಾಧಾರಣ ಲ್ಯಾಪ್‌ಟಾಪ್, ಮನೆಯ ಇಂಟರ್ನೆಟ್ ಇಷ್ಟೇ ಇಟ್ಟುಕೊಂಡು ಈ ಎಕ್ಸ್-ರೇಯನ್ನು ನಿಜವಾದ ಡೇಟಾದಲ್ಲಿ ನೋಡೋಕೆ ಯಾವ ಉಪಗ್ರಹ ಒಳ್ಳೇದು ಅಂತ ಒಂದೊಂದನ್ನೇ ಬಳಸಿ ನೋಡಿದ್ದೇನೆ. ಸ್ವಿಫ್ಟ್, ಫರ್ಮಿ, ನಮ್ಮ ಆಸ್ಟ್ರೋಸ್ಯಾಟ್, ಜಪಾನಿನ ಮ್ಯಾಕ್ಸಿ, ಚೀನಾದ ಐನ್‌ಸ್ಟೈನ್ ಪ್ರೋಬ್. ಇವುಗಳ ಸೂಕ್ಷ್ಮತೆಯ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಏನೂ ಗೊತ್ತಾಗಲ್ಲ. ನಾನು ಎಲ್ಲಕ್ಕೂ ಕೇಳೋದು ಒಂದೇ ಪ್ರಶ್ನೆ. ಸ್ಫೋಟ ಶುರುವಾದ ಮೊದಲ ನಿಮಿಷದಲ್ಲಿ ಇದು ಆ ಕಡೆ ನೋಡುತ್ತಿತ್ತಾ, ಅದೂ ಕೆಳಗಿನ ಶಕ್ತಿಯಲ್ಲಿ?

ಮೊದಲ ನಿಮಿಷವೇ ಯಾಕೆ ಅಂದರೆ, ಸ್ಫೋಟದ ಮುಖ್ಯ ಹೊಳಪು ಎಷ್ಟೋ ಸಲ ಅಷ್ಟರಲ್ಲೇ ಮುಗಿದುಹೋಗುತ್ತದೆ. ಆಮೇಲೆ ಉಳಿಯೋದು ನಿಧಾನವಾಗಿ ಮಂಕಾಗುವ ಆಫ್ಟರ್‌ಗ್ಲೋ, ಅದರ ಭೌತಶಾಸ್ತ್ರವೇ ಬೇರೆ. ಮುಖ್ಯ ಹೊಳಪಿನ ರೋಹಿತವನ್ನು, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಫೋಟಾನ್ ಅನ್ನೋ ಗ್ರಾಫನ್ನು, 1993ರಿಂದ ಬ್ಯಾಂಡ್ ಫಂಕ್ಷನ್ ಅನ್ನೋ ಸೂತ್ರದಿಂದ ಅಳೆಯುತ್ತಾರೆ. ಹಾಗೆ ಅಳೆದಾಗ ಕೆಳಗಿನ ಇಳಿಜಾರು ಸಾಮಾನ್ಯವಾಗಿ -1ರ ಹತ್ತಿರ ಬರುತ್ತದೆ. ಆದರೆ ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬೇಗ ಶಕ್ತಿ ಕಳೆದುಕೊಳ್ಳುವ ಎಲೆಕ್ಟ್ರಾನ್‌ಗಳಿಂದ ಈ ಬೆಳಕು ಬಂದಿದ್ದರೆ ಅದು -1.5 ಇರಬೇಕಿತ್ತು. ವರ್ಷಗಟ್ಟಲೆ ಇದೇ ತಕರಾರು. ಕೆಳಗಿನ ಎಕ್ಸ್-ರೇಯನ್ನೂ ಸೇರಿಸಿ ನೋಡಿದಾಗ ಕೆಲವು ಸ್ಫೋಟಗಳಲ್ಲಿ ಬೇರೆಯೇ ಚಿತ್ರ ಕಂಡಿತು. ಕೆಲವೇ ಕೆಇವಿಗಳ ಆಸುಪಾಸಿನಲ್ಲಿ ರೋಹಿತ ಮುರಿಯುತ್ತದೆ. ಮುರಿತದ ಕೆಳಗೆ ಇಳಿಜಾರು ಸುಮಾರು -2/3, ಮೇಲೆ ಸುಮಾರು -1.5. ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೆದರೆ -1ರ ಹತ್ತಿರ ಬರದೆ ಇನ್ನೇನಾಗುತ್ತದೆ? ಅಂದರೆ ಉತ್ತರ ಇದ್ದಿದ್ದೇ ಯಾರೂ ನೋಡದ ಜಾಗದಲ್ಲಿ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗಿನಿಂದ ನನಗೆ ಈ ಕೆಳತುದಿಯ ಹುಚ್ಚು ಬಿಟ್ಟಿಲ್ಲ.

ನೆಲದ ಮೇಲಿಂದ ಇದನ್ನು ನೋಡೋ ಆಸೆ ಬಿಟ್ಟುಬಿಡಿ. ಮುಳ್ಳಯ್ಯನಗಿರಿಯ ತುದಿಗೆ, 1930 ಮೀಟರ್ ಎತ್ತರಕ್ಕೆ ಹೋದರೂ ತಲೆಯ ಮೇಲೆ ಉಳಿದಿರುವ ಗಾಳಿ ಈ ಎಕ್ಸ್-ರೇಯನ್ನು ಪೂರ್ತಿ ಹೀರಿಬಿಡುತ್ತದೆ. ಉಪಗ್ರಹವೇ ಬೇಕು.

ಸ್ವಿಫ್ಟ್‌ನಿಂದ ಶುರು ಮಾಡೋಣ. 2004ರ ನವೆಂಬರ್ 20ರಂದು ಹಾರಿಸಿದ್ದು. ಇದರಲ್ಲಿ ಬ್ಯಾಟ್ ಅನ್ನೋ ಅಗಲ ನೋಟದ ಉಪಕರಣ 15ರಿಂದ 150 ಕೆಇವಿಯಲ್ಲಿ ಸ್ಫೋಟ ಹಿಡಿಯುತ್ತದೆ. ಹಿಡಿದ ಕೂಡಲೇ ಇಡೀ ಉಪಗ್ರಹ ತಾನೇ ಆ ಕಡೆ ತಿರುಗಿ, ಎಕ್ಸ್‌ಆರ್‌ಟಿ ಅನ್ನೋ ದೂರದರ್ಶಕದಲ್ಲಿ 0.3ರಿಂದ 10 ಕೆಇವಿವರೆಗೆ ನೋಡುತ್ತದೆ. ತಿರುಗೋಕೆ ಒಂದೆರಡು ನಿಮಿಷ ಬೇಕು. ತೊಂದರೆ ಇರೋದೇ ಅಲ್ಲಿ. ಅಷ್ಟು ಹೊತ್ತು ಕೆಳಗಿನ ಎಕ್ಸ್-ರೇ ಯಾರ ಕಣ್ಣಿಗೂ ಬಿದ್ದಿರಲ್ಲ.

ಡೇಟಾ ಸಿಗೋ ವಿಷಯದಲ್ಲಿ ಮಾತ್ರ ಸ್ವಿಫ್ಟ್‌ಗೆ ಸಾಟಿ ಇಲ್ಲ. ಲೆಸ್ಟರ್ ವಿಶ್ವವಿದ್ಯಾಲಯದವರು ಪ್ರತಿ ಸ್ಫೋಟಕ್ಕೂ ಬೆಳಕಿನ ಏರಿಳಿತದ ಗ್ರಾಫ್, ರೋಹಿತ, ಎರಡನ್ನೂ ತಯಾರು ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ವಿದ್ಯಾರ್ಥಿಯೂ ಅವತ್ತೇ ಕೆಲಸ ಶುರು ಮಾಡಬಹುದು. ಒಂದು ಎಚ್ಚರಿಕೆ. ಅಲ್ಲೇ ಬರ್ಸ್ಟ್ ಅನಲೈಸರ್ ಅಂತ ಇನ್ನೊಂದು ಪುಟ ಇದೆ. ಅದರಲ್ಲಿ 0.3ರಿಂದ 10 ಕೆಇವಿಯ ಗ್ರಾಫ್ ಸ್ಫೋಟದ ಮೊದಲ ಸೆಕೆಂಡಿನಿಂದಲೇ ಶುರುವಾಗುತ್ತದೆ. ನೋಡಿದರೆ ಖುಷಿಯಾಗುತ್ತದೆ, ಆದರೆ ಆ ಮೊದಲ ಭಾಗ ಅಳೆದಿದ್ದಲ್ಲ. ಬ್ಯಾಟ್ ಮೇಲಿನ ಶಕ್ತಿಯಲ್ಲಿ ಕಂಡದ್ದನ್ನು ಸೂತ್ರದ ಮೂಲಕ ಕೆಳಕ್ಕೆ ಎಳೆದು ತೋರಿಸಿದ್ದು. ಅದನ್ನು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ನಮಗೆ ಬೇಕಾದ ಮುರಿತ ಇರೋದೇ ಆ ನಡುವೆ ಆದ್ದರಿಂದ, ಆ ಭಾಗವನ್ನು ಇಳಿಜಾರು ಲೆಕ್ಕಕ್ಕೆ ತಗೊಳ್ಳಲೇಬಾರದು.

ಹಾಗಾದರೆ ಸ್ವಿಫ್ಟ್‌ನಲ್ಲಿ ಮುಖ್ಯ ಹೊಳಪಿನ ಎಕ್ಸ್-ರೇ ಸಿಗೋದೇ ಇಲ್ವಾ? ಸಿಗುತ್ತದೆ. ಕೆಲವು ಸ್ಫೋಟಗಳಲ್ಲಿ ಮೊದಲು ಒಂದು ಸಣ್ಣ ಮುನ್ನುಡಿ ಹೊಳಪು ಬಂದು, ಆಮೇಲೆ ದೊಡ್ಡದು ಬರುತ್ತದೆ. ಬ್ಯಾಟ್ ಆ ಸಣ್ಣದಕ್ಕೇ ಎಚ್ಚೆತ್ತರೆ ದೊಡ್ಡದು ಬರೋ ಹೊತ್ತಿಗೆ ಎಕ್ಸ್‌ಆರ್‌ಟಿ ತಿರುಗಿ ಕೂತಿರುತ್ತದೆ. 2006ರ ಜನವರಿ 24ರ ಸ್ಫೋಟದಲ್ಲಿ ಹಾಗೇ ಆಯಿತು, ಮುಖ್ಯ ಹೊಳಪು ಬಂದಿದ್ದು ಸುಮಾರು 570 ಸೆಕೆಂಡ್ ತಡವಾಗಿ. ಅದೇ ವರ್ಷ ನವೆಂಬರ್ 21ರದ್ದು ಇನ್ನೂ ಚೆನ್ನಾಗಿದೆ. ಎಚ್ಚೆತ್ತು ಒಂದು ನಿಮಿಷ ಕಳೆಯೋದರೊಳಗೆ ಎಕ್ಸ್‌ಆರ್‌ಟಿ ನೋಡೋಕೆ ಶುರು ಮಾಡಿತ್ತು, ಸುಮಾರು 75ನೇ ಸೆಕೆಂಡಿಗೆ ಹೊಳಪು ತುದಿ ಮುಟ್ಟಿತು.

ಈ ನವೆಂಬರ್ 21ರ ಫೈಲ್ ತೆರೆದು ಕೂತರೆ ಕಡಿಮೆ ಶಕ್ತಿಯ ಎಕ್ಸ್-ರೇ ಅಳೆಯೋದು ಎಷ್ಟು ಸೂಕ್ಷ್ಮ ಕೆಲಸ ಅಂತ ಕೈಯಾರೆ ಗೊತ್ತಾಗುತ್ತದೆ. ಎಕ್ಸ್‌ಆರ್‌ಟಿಯಲ್ಲಿರೋದು ಸಿಸಿಡಿ, ಡಿಜಿಟಲ್ ಕ್ಯಾಮೆರಾದ ಥರದ ಸೆನ್ಸರ್. ಬೆಳಕು ಜಾಸ್ತಿ ಇದ್ದಾಗ ಅದು ಚಿತ್ರ ತೆಗೆಯೋದು ಬಿಟ್ಟು, ಒಂದೇ ಸಾಲಿನಲ್ಲಿ ಬೇಗ ಬೇಗ ಓದುವ ವಿಂಡೋ ಟೈಮಿಂಗ್ ಕ್ರಮಕ್ಕೆ ಹೋಗುತ್ತದೆ. ಅಲ್ಲೂ ಸೆಕೆಂಡಿಗೆ ಸುಮಾರು 100 ಎಣಿಕೆ ದಾಟಿದರೆ ಪೈಲ್-ಅಪ್ ಶುರು. 1 ಕೆಇವಿಯ ಎರಡು ಫೋಟಾನ್ ಒಟ್ಟಿಗೇ ಒಂದೇ ಜಾಗಕ್ಕೆ ಬಿದ್ದರೆ ಸಿಸಿಡಿ ಅದನ್ನು 2 ಕೆಇವಿಯ ಒಂದೇ ಫೋಟಾನ್ ಅಂತ ಬರೆದುಕೊಳ್ಳುತ್ತದೆ. ಕೆಳಗಿನ ಶಕ್ತಿಯಲ್ಲಿ ಎಣಿಕೆ ಕಡಿಮೆಯಾಯಿತು, ಮೇಲೆ ಜಾಸ್ತಿಯಾಯಿತು, ಇಳಿಜಾರೇ ಬದಲಾಯಿತು! ಅದಕ್ಕೇ ಹೊಳಪಿನ ನಡುವಿನ ಪಿಕ್ಸೆಲ್‌ಗಳನ್ನು ಬಿಟ್ಟು, ಪಕ್ಕದವನ್ನು ಮಾತ್ರ ತಗೊಂಡು ರೋಹಿತ ತೆಗೆಯಬೇಕು. ಆಮೇಲೆ ದಾರಿಯಲ್ಲಿರೋ ಅನಿಲದ ಲೆಕ್ಕ. ನಮ್ಮ ಆಕಾಶಗಂಗೆಯ ಅನಿಲ, ಸ್ಫೋಟ ಆದ ಗೆಲಾಕ್ಸಿಯ ಅನಿಲ, ಎರಡೂ 1 ಕೆಇವಿ ಸುತ್ತಮುತ್ತಲಿನ ಎಕ್ಸ್-ರೇಯನ್ನು ನುಂಗುತ್ತವೆ. ರೋಹಿತಕ್ಕೆ ಸೂತ್ರ ಹೊಂದಿಸುವ ಎಕ್ಸ್‌ಸ್ಪೆಕ್ ತಂತ್ರಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಅಂಶ ಹಾಕಿ, ಆಕಾಶಗಂಗೆಯದನ್ನು ರೇಡಿಯೋ ನಕ್ಷೆಯ ಬೆಲೆಗೆ ಕಟ್ಟಿಹಾಕಿ, ಇನ್ನೊಂದನ್ನು ಡೇಟಾಗೆ ಹೊಂದುವಂತೆ ಬದಲಾಗೋಕೆ ಬಿಡುತ್ತೇವೆ. ಅನಿಲ ಸ್ವಲ್ಪ ಜಾಸ್ತಿ ಅಂದುಕೊಂಡರೆ ಮುರಿತ ಮಾಯವಾಗುತ್ತದೆ, ಕಡಿಮೆ ಅಂದುಕೊಂಡರೆ ಇಲ್ಲದ ಮುರಿತ ಕಾಣಿಸಿಕೊಳ್ಳುತ್ತದೆ. ಹೊಳಪು ಇಳಿದ ಮೇಲಿನ ಆಫ್ಟರ್‌ಗ್ಲೋದಿಂದ ಅನಿಲದ ಬೆಲೆ ಮೊದಲೇ ತೆಗೆದಿಟ್ಟುಕೊಳ್ಳೋದು ನನಗೆ ಹೆಚ್ಚು ಸರಿಯಾದ ದಾರಿ ಅನಿಸುತ್ತದೆ. ಈ ಎಲ್ಲ ಕೆಲಸ ಕಲಿಸೋಕೆ ಸ್ವಿಫ್ಟ್‌ಗಿಂತ ಒಳ್ಳೆ ಡೇಟಾ ನಾನು ಕಂಡಿಲ್ಲ.

ಫರ್ಮಿಯ ಬಗ್ಗೆ ಜಾಸ್ತಿ ಹೇಳಲ್ಲ. 2008ರಿಂದ ಇದೆ. ಇದರ ಜಿಬಿಎಂ ಅನ್ನೋ ಉಪಕರಣ ಭೂಮಿ ಮರೆ ಮಾಡದ ಇಡೀ ಆಕಾಶವನ್ನು ನೋಡುತ್ತಿರುತ್ತದೆ, ಹಾಗಾಗಿ ಮೊದಲ ಸೆಕೆಂಡ್ ತಪ್ಪಲ್ಲ. ಪೈಥಾನ್ ಗೊತ್ತಿರೋರಿಗೆ ಬಳಸೋದೂ ಸುಲಭ. ಆದರೆ ಶುರುವಾಗೋದೇ 8 ಕೆಇವಿಯಿಂದ. 33 ಕೆಇವಿ ಹತ್ತಿರ ಅದರ ಸೋಡಿಯಂ ಅಯೋಡೈಡ್ ಹರಳಿನಲ್ಲಿರೋ ಅಯೋಡಿನ್‌ನದೇ ಒಂದು ಅಂಚು (ಹೀರುವಿಕೆ ಥಟ್ಟನೆ ಬದಲಾಗುವ ಜಾಗ) ಇರೋದರಿಂದ ಆ ಭಾಗವನ್ನೂ ಎಷ್ಟೋ ಜನ ಬಿಟ್ಟೇ ಲೆಕ್ಕ ಮಾಡುತ್ತಾರೆ. ಮುರಿತ 3 ಕೆಇವಿಯಲ್ಲಿದ್ದರೆ ಇದರಿಂದ ಕಾಣಲ್ಲ. ಮೇಲಿನ ತುದಿಗೆ ಜೊತೆಗಾರನಾಗಿ ಇಟ್ಟುಕೊಳ್ಳಿ, ಅಷ್ಟೇ.

ಆಸ್ಟ್ರೋಸ್ಯಾಟ್ ವಿಷಯ ಬಂದರೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರೋ ನಮ್ಮೂರಲ್ಲಿ ಮೊದಲು ಬರೋ ಪ್ರಶ್ನೆ ಒಂದೇ. "ಸಾರ್, ಇಲ್ಲೇ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್ ಇದೆಯಲ್ಲ, ಅಲ್ಲೇ ಹೋಗಿ ಕೇಳಿದರೆ ಡೇಟಾ ಕೊಡಲ್ವಾ?" ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. "ಇಲ್ಲಮ್ಮ, ಎಂಸಿಎಫ್‌ನವರು ನೋಡಿಕೊಳ್ಳೋದು ಇನ್ಸಾಟ್, ಜಿಸ್ಯಾಟ್ ಥರದ ಭೂಸ್ಥಿರ ಉಪಗ್ರಹಗಳನ್ನ. ಆಸ್ಟ್ರೋಸ್ಯಾಟ್ ನಡೆಸೋದು ಬೆಂಗಳೂರಿನಲ್ಲಿರೋ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರಾಕ್, ಡೇಟಾ ಇರೋದು ಬ್ಯಾಲಾಳುವಿನ ಕೇಂದ್ರದಲ್ಲಿ, ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ಇಳಿಸಿಕೋಬೇಕು" ಅಂದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದ ಮೇಲೆ ನನಗೆ ಅಭಿಮಾನ ತುಂಬ ಇದೆ. ಅದರ ಸಿಝಡ್‌ಟಿಐ ಅನ್ನೋ ಉಪಕರಣ ನೂರಾರು ಜಿಆರ್‌ಬಿಗಳನ್ನು ಹಿಡಿದಿದೆ, ಧ್ರುವೀಕರಣ ಅಳೆಯೋದರಲ್ಲಿ ದೊಡ್ಡ ಹೆಸರು ಮಾಡಿದೆ. ಆದರೆ ಅದು ಕೆಲಸ ಮಾಡೋದು ಮೇಲಿನ ಶಕ್ತಿಯಲ್ಲಿ. ಕೆಳಗೆ ನೋಡೋ ಎಸ್‌ಎಕ್ಸ್‌ಟಿ ಅನ್ನೋ ದೂರದರ್ಶಕ ಇದೆ, 0.3ರಿಂದ 8 ಕೆಇವಿ, ಮುಂಬೈನ ಟಿಐಎಫ್‌ಆರ್‌ನಲ್ಲಿ ಆಗಿದ್ದು. ಅದು ಸ್ವಿಫ್ಟ್ ಥರ ತಾನಾಗಿ ತಿರುಗಲ್ಲ, ಯಾರಾದರೂ ಕೇಳಿ ಕಾರ್ಯಕ್ರಮ ಬದಲಾಯಿಸಬೇಕು. ಅಷ್ಟರಲ್ಲಿ ಮೊದಲ ನಿಮಿಷ ಯಾವತ್ತೋ ಹೋಗಿರುತ್ತದೆ. ಆಫ್ಟರ್‌ಗ್ಲೋಗೆ ಆಗಬಹುದು, ನನ್ನ ಪ್ರಶ್ನೆಗೆ ಆಗಲ್ಲ.

ಮ್ಯಾಕ್ಸಿಯನ್ನು ಜನ ಅಷ್ಟಾಗಿ ಲೆಕ್ಕಕ್ಕೇ ತಗೊಳ್ಳಲ್ಲ, ಅದು ನನಗೆ ಬೇಜಾರಿನ ಸಂಗತಿ. 2009ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜಪಾನಿನ ಭಾಗದಲ್ಲಿದೆ. ನಿಲ್ದಾಣ ಭೂಮಿ ಸುತ್ತಿದಂತೆ ಇದೂ ಸುಮಾರು 92 ನಿಮಿಷಕ್ಕೊಮ್ಮೆ ಆಕಾಶದ ಬಹುಭಾಗವನ್ನು ಸವರಿಕೊಂಡು ಹೋಗುತ್ತದೆ, ಮುಖ್ಯವಾಗಿ 2ರಿಂದ 20 ಕೆಇವಿಯಲ್ಲಿ. ಒಂದು ಜಾಗ ಇದರ ಕಣ್ಣಿನಲ್ಲಿರೋದು ಒಂದು ನಿಮಿಷದ ಆಸುಪಾಸು. ಸ್ಫೋಟ ಆಗೋ ಹೊತ್ತಿಗೆ ಸರಿಯಾಗಿ ಅಲ್ಲೇ ಹಾಯುತ್ತಿದ್ದರೆ ಮೊದಲ ಕ್ಷಣದಿಂದ ಸಿಗುತ್ತದೆ, ಇಲ್ಲದಿದ್ದರೆ ಮುಂದಿನ ಸುತ್ತಿಗೆ ಕಾಯಬೇಕು. ಅದೃಷ್ಟದ ಆಟ ನಿಜ. ಆದರೆ ಗಾಮಾ ಕಿರಣದಲ್ಲಿ ಯಾರಿಗೂ ಕಾಣದ, ಬರೀ ಮೃದುವಾದ, ಅಂದರೆ ಕಡಿಮೆ ಶಕ್ತಿಯ ಚಿಕ್ಕ ಹೊಳಪುಗಳನ್ನೂ ಇದು ಹಿಡಿದಿದೆ. ಇನ್ನೊಂದು ದೊಡ್ಡ ಅನುಕೂಲ ಇದೆ. ಅವರ ಪುಟದಲ್ಲಿ ಜಾಗ, ಸಮಯ ಕೊಟ್ಟರೆ ಗ್ರಾಫ್, ರೋಹಿತ, ಚಿತ್ರ ಎಲ್ಲ ಅಲ್ಲೇ ಮಾಡಿ ಕೊಡುತ್ತಾರೆ. ಫೈಲ್ ಚಿಕ್ಕದು. ಸಕಲೇಶಪುರದ ಕಡೆಯಿಂದ ಬರೋ ನಮ್ಮ ಹುಡುಗರಿಗೆ ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಸ್ವಿಫ್ಟ್ ಥರದ ಡೇಟಾ ಬಿಡಿಸೋಕೆ ಬೇಕಾದ ಹೀಸಾಫ್ಟ್ ತಂತ್ರಾಂಶ ಇಳಿಸೋದೇ ಅವರಿಗೆ ದೊಡ್ಡ ಕೆಲಸ. ಮ್ಯಾಕ್ಸಿಯದನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಮುಗಿಸಬಹುದು.

ಇನ್ನು ಐನ್‌ಸ್ಟೈನ್ ಪ್ರೋಬ್. ನನ್ನ ಪ್ರಶ್ನೆಗೆ ನೇರ ಉತ್ತರ ಇರೋದು ಇದರಲ್ಲೇ. 2024ರ ಜನವರಿ 9ರಂದು ಹಾರಿಸಿದ್ದು, ಚೀನಾ ವಿಜ್ಞಾನ ಅಕಾಡೆಮಿಯ ಜೊತೆ ಯುರೋಪಿನವರೂ ಇದ್ದಾರೆ. ಡಬ್ಲ್ಯುಎಕ್ಸ್‌ಟಿ ಅನ್ನೋ ಉಪಕರಣ ಸೀಗಡಿ ಜಾತಿಯ ಲಾಬ್‌ಸ್ಟರ್‌ನ ಕಣ್ಣಿನ ರಚನೆ ನೋಡಿ ಮಾಡಿದ್ದು. ಸಣ್ಣ ಸಣ್ಣ ಚೌಕದ ರಂಧ್ರಗಳ ಗೋಡೆಗಳಿಗೆ ಎಕ್ಸ್-ರೇ ತಾಗಿ ಒಂದೆಡೆ ಸೇರುತ್ತದೆ. ಅದರಿಂದಾಗಿ ಒಂದೇ ಸಲಕ್ಕೆ ಸುಮಾರು 3600 ಚದರ ಡಿಗ್ರಿ ಆಕಾಶ, ಅದೂ 0.5ರಿಂದ 4 ಕೆಇವಿಯಲ್ಲಿ ಕಾಣುತ್ತದೆ. ತಿರುಗೋ ಮಾತೇ ಇಲ್ಲ, ಮೊದಲಿಂದಲೇ ನೋಡುತ್ತಿರುತ್ತದೆ. 2024ರ ಮಾರ್ಚ್ 15ರ ಸ್ಫೋಟದಲ್ಲಿ ಮೃದು ಎಕ್ಸ್-ರೇ ಶುರುವಾಗಿ ಸುಮಾರು 370 ಸೆಕೆಂಡ್ ಆದ ಮೇಲೆ ಗಾಮಾ ಕಿರಣ ಬಂತು. ಎಕ್ಸ್-ರೇ ಸಾವಿರ ಸೆಕೆಂಡಿಗಿಂತ ಜಾಸ್ತಿ ಹೊತ್ತು ಇತ್ತು. ಕೆಂಪುಪಲ್ಲಟ (ಬ್ರಹ್ಮಾಂಡ ಹಿಗ್ಗುವುದರಿಂದ ಬೆಳಕಿನ ಶಕ್ತಿ ಇಳಿಯುವ ಅಳತೆ) 4.859, ಅಂದರೆ ಅಲ್ಲಿ 300 ಕೆಇವಿ ಇದ್ದಿದ್ದು ನಮಗೆ ಬರೋ ಹೊತ್ತಿಗೆ ಸುಮಾರು 51 ಕೆಇವಿ. ದೂರದ ಸ್ಫೋಟಗಳೆಲ್ಲ ನಮ್ಮ ಪಾಲಿಗೆ ಕೆಳಗಿನ ಶಕ್ತಿಗೆ ಜಾರಿರುತ್ತವೆ, ಅಲ್ವಾ? ಹಾಗಿದ್ದಾಗ ಸ್ಫೋಟ ಶುರುವಾಗಿದ್ದು ಯಾವಾಗ ಅಂತ ಗಾಮಾ ಕಿರಣದ ಗಡಿಯಾರದಿಂದ ಹೇಳೋದೇ ಸರಿಯಲ್ಲ.

ಇದರ ಡೇಟಾವನ್ನು ವಿದ್ಯಾರ್ಥಿ ಕೈಗೆ ಕೊಡೋದು ಮಾತ್ರ ಸ್ವಿಫ್ಟ್‌ನಷ್ಟು ಸರಾಗ ಅಲ್ಲ. ನಾವು ಕೆಲಸ ಮಾಡಿದ್ದು ಸ್ಫೋಟಗಳ ಸುದ್ದಿಯನ್ನು ಖಗೋಳ ವಿಜ್ಞಾನಿಗಳು ಹಂಚಿಕೊಳ್ಳುವ ಜಿಸಿಎನ್‌ನಲ್ಲಿ ಬರುವ ಸುತ್ತೋಲೆಗಳು ಮತ್ತು ಪ್ರಕಟವಾದ ಲೇಖನಗಳ ಗ್ರಾಫ್‌ಗಳನ್ನಿಟ್ಟುಕೊಂಡು. ಇನ್ನೊಂದು ಮಾತು, 4 ಕೆಇವಿಗೆ ನಿಲ್ಲುವ ಉಪಕರಣ ಒಂದರಿಂದಲೇ ಮುರಿತ ಗುರುತಿಸೋದು ಕಷ್ಟ, ಮೇಲಿನ ಶಕ್ತಿಯಲ್ಲಿ ಇನ್ನೊಬ್ಬರು ನೋಡಿರಬೇಕು. 2024ರ ಜೂನ್‌ನಲ್ಲಿ ಹಾರಿದ ಸ್ವಾಮ್ ಅನ್ನೋ ಚೀನಾ-ಫ್ರಾನ್ಸ್ ಉಪಗ್ರಹದ ಎಕ್ಲೇರ್ಸ್ ಉಪಕರಣ 4 ಕೆಇವಿಯಿಂದ ಶುರುವಾಗುತ್ತದೆ. ಇಬ್ಬರೂ ಒಂದೇ ಸ್ಫೋಟವನ್ನು ಮೊದಲ ಸೆಕೆಂಡಿನಿಂದ ಹಿಡಿದರೆ 0.5ರಿಂದ 150 ಕೆಇವಿವರೆಗೆ ನಡುವೆ ಬಿರುಕಿಲ್ಲದ ರೋಹಿತ ಸಿಗುತ್ತದೆ. ನಾನು ಆಸೆಯಿಂದ ಕಾಯುತ್ತಿರೋದು ಅಂಥದಕ್ಕೇ.

ಈಗ ಶುರು ಮಾಡೋರಿಗೆ ನನ್ನ ಸಲಹೆ ಹೀಗೆ. ಮೊದಲು ಮ್ಯಾಕ್ಸಿಯಲ್ಲಿ ಕೈ ಪಳಗಿಸಿ, ಆಮೇಲೆ ಸ್ವಿಫ್ಟ್‌ಗೆ ಬನ್ನಿ. ಸ್ವಿಫ್ಟ್‌ನಲ್ಲೂ ಕಣ್ಣಿಗೆ ಬಿದ್ದ ಸ್ಫೋಟ ಎತ್ತಿಕೊಳ್ಳಬೇಡಿ, ಮುನ್ನುಡಿ ಹೊಳಪು ಇರೋದನ್ನೇ ಹುಡುಕಿ. ನವೆಂಬರ್ 21ರದ್ದರಲ್ಲಿ ಪೈಲ್-ಅಪ್ ಕಾಟ ಜಾಸ್ತಿ, ಹಾಗಾಗಿ ಈ ಸಲದ ತಂಡಕ್ಕೆ ಜನವರಿ 24ರದ್ದು ಕೊಟ್ಟಿದ್ದೇನೆ. ಅದರ ಮುಖ್ಯ ಹೊಳಪನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಎಕ್ಸ್‌ಆರ್‌ಟಿ, ಬ್ಯಾಟ್ ಎರಡನ್ನೂ ಸೇರಿಸಿ ರೋಹಿತ ತೆಗೆದು, ಮುರಿತ ಹೊತ್ತು ಕಳೆದಂತೆ ಕೆಳಗೆ ಜಾರುತ್ತಾ ಅಂತ ನೋಡುತ್ತಿದ್ದಾರೆ.