ಕುಸುಬಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ: ಮೂರೂ ಹಚ್ಚಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಒಣ ಚರ್ಮಕ್ಕೆ ಗೆದ್ದಿದ್ದು ಕುಸುಬಿ ಎಣ್ಣೆ. ಹಾಗಂತ ಅದನ್ನೇ ಬಾಣಲೆಗೆ ಸುರಿದು ಪೂರಿ ಕರೀರಿ ಅಂತ ಹೇಳ್ತಿಲ್ಲ. ಮೈಗೆ ಹಚ್ಚೋದು ಬೇರೆ, ಹೊಟ್ಟೆಗೆ ಹಾಕೋದು ಬೇರೆ, ಈ ಹೆಲ್ದಿ ಎಣ್ಣೆ ವಿಡಿಯೋ ಮಾಡೋರು ಎರಡನ್ನೂ ಕಲಸಿ ಹಾಕಿಬಿಡ್ತಾರೆ ಅನ್ನೋದೇ ನನ್ನ ತಕರಾರು.

ತವರು ಗದಗ ಕಡೆ, ಅಲ್ಲಿ ಎರೆ ಹೊಲದಲ್ಲಿ ಹಿಂಗಾರಿಗೆ ಜೋಳ ಕಡಲೆ ಜೊತೆ ಕುಸುಬಿ ಹಾಕ್ತಾರೆ, ಪೂರ್ತಿ ಮುಳ್ಳು, ದನ ಒಳಗೆ ಬರದೇ ಇರ್ಲಿ ಅಂತ ಹೊಲದ ಅಂಚಿಗೂ ಹಾಕೋದುಂಟು, ಕಟಾವಿಗೆ ಬೆಳಗಿನ ಜಾವ ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ್ಲೇ ಹೋಗ್ಬೇಕು. ಗಂಡನ ಮನೆ ಮಂಡ್ಯ ಕಡೆ, ಅವರಿಗೆ ತಲೆಗೂ ಹರಳೆಣ್ಣೆ, ಮೈಗೂ ಹರಳೆಣ್ಣೆ, ಮಗು ಹೊಟ್ಟೆನೋವು ಅಂತ ಅತ್ರೂ ಹರಳೆಣ್ಣೆ. ಎಳ್ಳೆಣ್ಣೆ ನಾನಾಗೇ ಸೇರಿಸಿದ್ದು, ಅಭ್ಯಂಗ ಅಂದ್ರೆ ಎಲ್ಲರ ಬಾಯಲ್ಲೂ ಮೊದ್ಲು ಬರೋದು ಅದೇ ತಾನೆ.

ನಾವಿರೋದು ಬೆಂಗಳೂರಲ್ಲಿ, ಬೋರ್‌ವೆಲ್ ನೀರು, ಡಿಸೆಂಬರ್ ಬಂತು ಅಂದ್ರೆ ಮೊಣಕಾಲಿನ ಕೆಳಗೆ ಉಗುರಲ್ಲಿ ಗೀರಿದ್ರೆ ಬಿಳಿ ಗೆರೆ ಬೀಳುತ್ತೆ. ಅದಕ್ಕೇ ಎಡಗಾಲಿಗೆ ಕುಸುಬಿ, ಬಲಗಾಲಿಗೆ ಎಳ್ಳೆಣ್ಣೆ, ಹಿಮ್ಮಡಿ ಎರಡಕ್ಕೂ ಹರಳೆಣ್ಣೆ ಅಂತ ಭಾಗ ಮಾಡ್ಕೊಂಡೆ. ಸ್ನಾನ ಆದ್ಮೇಲೆ ಮೈ ಪೂರ್ತಿ ಒರೆಸದೇ ಸ್ವಲ್ಪ ಹಸಿ ಇರುವಾಗ್ಲೇ ಹಚ್ಚೋದು, ಯಾಕಂದ್ರೆ ಎಣ್ಣೆ ಚರ್ಮಕ್ಕೆ ನೀರು ಕೊಡಲ್ಲ, ಇರೋ ನೀರು ಆರದ ಹಾಗೆ ಮುಚ್ಚುತ್ತೆ ಅಷ್ಟೆ. ಒಣಗಿದ ಮೇಲೆ ಹಚ್ಚಿ ಏನೂ ಉಪಯೋಗ ಆಗ್ಲಿಲ್ಲ ಅನ್ನೋರು ಇದೊಂದು ಬದಲಾಯಿಸಿ ನೋಡಿ.

ಕುಸುಬಿ ಎಣ್ಣೆ ತೆಳು, ಬೇಗ ಇಳಿದುಬಿಡುತ್ತೆ, ಹಚ್ಚಿ ಸ್ವಲ್ಪ ಹೊತ್ತಿಗೇ ಚೂಡಿದಾರ್ ಹಾಕ್ಕೊಂಡು ಆಫೀಸಿಗೆ ಹೋಗ್ಬಹುದು. ಬಿಳಿ ಗೆರೆ ಮೊದ್ಲು ನಿಂತಿದ್ದು ಎಡಗಾಲಲ್ಲೇ, ಕೆರೆತಾನೂ ಕಮ್ಮಿ ಆಯ್ತು. ನಮ್ಮ ಅತ್ತೆಗೆ ಮಾತ್ರ ಇದು ಎಣ್ಣೆ ಅಂತಾನೇ ಅನ್ಸಲ್ಲ, "ಏನವ್ವಾ ಇದು, ನೀರಿದ್ದಂಗದೆ, ಎಣ್ಣೆ ಅಂದ್ರೆ ಅಂಟ್ಬೇಕು ಕಣವ್ವ" ಅಂತಾರೆ. ಆದ್ರೆ ಅಂಟದೇ ಇದ್ರೂ ಕೆಲಸ ಮಾಡೋದಕ್ಕೆ ಕಾರಣ ಇದೆ. ಹಳೇ ತಳಿಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲೆಯಿಕ್ ಆಸಿಡ್ ಅನ್ನೋ ಕೊಬ್ಬಿನಾಮ್ಲ, ನಮ್ಮ ಚರ್ಮದ ಹೊರಪದರ ನೀರು ಸೋರದ ಹಾಗೆ ಹಿಡಿದಿಡೋ ಸೆರಮೈಡ್ ತಯಾರಾಗೋಕೆ ಬೇಕಾಗಿರೋದು ಅದೇ. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತೆ ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದ್ರು, ಇಲಿಗಳ ಚರ್ಮ ಹೊಟ್ಟು ಹೊಟ್ಟಾಗಿ ಬಾಲ ಎಲ್ಲಾ ಕೆಟ್ಟೋಯ್ತು, ಮುಂದಿನ ವರ್ಷ ಲಿನೋಲೆಯಿಕ್ ಆಸಿಡ್ ಕೊಟ್ರೆ ಅದು ವಾಸಿ ಆಗುತ್ತೆ ಅಂತ ತೋರಿಸಿದ್ರು. ಈಗ ಹೈ ಓಲೆಯಿಕ್ ಅಂತ ಇನ್ನೊಂದು ಜಾತಿ ಕುಸುಬಿ ಎಣ್ಣೆ ಬರುತ್ತೆ, ಅದ್ರಲ್ಲಿ ಲೆಕ್ಕ ಪೂರ್ತಿ ಉಲ್ಟಾ, ಓಲೆಯಿಕ್ ಅನ್ನೋ ಬೇರೆ ಕೊಬ್ಬಿನಾಮ್ಲಾನೇ ಮುಕ್ಕಾಲು. ಬಿಸಿ ತಡೆಯೋಕೆ ಅದು ಒಳ್ಳೇದು, ಚರ್ಮಕ್ಕೆ ನಾನು ತಗೊಳಲ್ಲ. ಓಲೆಯಿಕ್ ಜಾಸ್ತಿ ಇರೋ ಆಲಿವ್ ಎಣ್ಣೆ ಹಚ್ಚಿದಾಗ ಚರ್ಮದ ಹೊರಪದರ ದುರ್ಬಲ ಆಯ್ತು, ಲಿನೋಲೆಯಿಕ್ ಜಾಸ್ತಿ ಇರೋ ಸೂರ್ಯಕಾಂತಿ ಎಣ್ಣೆಗೆ ಹಾಗಾಗ್ಲಿಲ್ಲ ಅಂತ 2013ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಅಧ್ಯಯನದಲ್ಲಿ ಬಂದಿತ್ತು. ಬಾಟಲಿ ಹಿಂದೆ ಓದಿ ತಗೊಳ್ಳಿ.

ಕುಸುಬಿಯ ದೊಡ್ಡ ತೊಂದ್ರೆ ಅಂದ್ರೆ ಬೇಗ ಕಮಟು ಹಿಡಿಯುತ್ತೆ. ಗಾಣದ್ದಾದ್ರೆ ಸಣ್ಣ ಬಾಟಲಿ ತಂದು ಕತ್ತಲಲ್ಲಿಡಿ, ವಾಸನೆ ತಿರುಗಿದ್ರೆ ಮೈಗೂ ಬೇಡ.

ಎಳ್ಳೆಣ್ಣೆ ಈ ವಿಷ್ಯದಲ್ಲಿ ಗಟ್ಟಿ. ಅದ್ರಲ್ಲಿ ಓಲೆಯಿಕ್ ಲಿನೋಲೆಯಿಕ್ ಎರಡೂ ಹತ್ರ ಹತ್ರ 40 ಪರ್ಸೆಂಟ್, ಜೊತೆಗೆ ಸೆಸಮಾಲ್ ತರದ್ದು ಇರೋದ್ರಿಂದ ಕೆಡದೆ ಬಹಳ ದಿನ ಇರುತ್ತೆ. ಬಲಗಾಲೂ ಮೆತ್ತಗಾಯ್ತು, ಸುಳ್ಳು ಹೇಳಬಾರ್ದು, ಆದ್ರೆ ನಿಧಾನ, ಮತ್ತೆ ಬೆಡ್‌ಶೀಟ್ ತುಂಬಾ ಹಳದಿ ಕಲೆ. ಭಾನುವಾರ ಬಿಸಿ ಮಾಡಿ ಮೈಗೆ ತಿಕ್ಕಿ ಸೀಗೆಪುಡಿ ಹಾಕಿ ಬಿಸಿಬಿಸಿ ನೀರು ಹುಯ್ಕೊಳ್ಳೋಕೆ ಇದನ್ನ ಮೀರಿಸೋದು ಯಾವುದೂ ಇಲ್ಲ, ಆ ಸುಖದಲ್ಲಿ ಎಣ್ಣೆದೆಷ್ಟು, ತಿಕ್ಕೋ ಕೈದೆಷ್ಟು ಅಂತ ಬೇರೆ ಮಾಡೋದು ಕಷ್ಟ. ಎಳ್ಳು ಅಲರ್ಜಿ ಇರೋರು ಹತ್ರಾನೂ ಹೋಗ್ಬೇಡಿ.

ಹರಳೆಣ್ಣೆ ಮೈ ಪೂರ್ತಿ ಹಚ್ಚೋ ಎಣ್ಣೆ ಅಲ್ಲ ಅನ್ನೋದು ನನ್ನ ತೀರ್ಮಾನ, ಅತ್ತೆ ಮುಂದೆ ಹೇಳಲ್ಲ. ಅದು 85ರಿಂದ 90 ಪರ್ಸೆಂಟ್ ರಿಸಿನೋಲೆಯಿಕ್ ಆಸಿಡ್, ಬೇರೆ ಯಾವ ಮನೆ ಎಣ್ಣೆಯಲ್ಲೂ ಹೀಗಿಲ್ಲ, ಆ ಅಂಟು ಬರೋದು ಅದ್ರಿಂದ್ಲೇ. ಹಿಮ್ಮಡಿ ಒಡಕಿಗೆ ರಾತ್ರಿ ಹಚ್ಚಿ ಕಾಲುಚೀಲ ಹಾಕ್ಕೊಂಡು ಮಲಗಿದ್ರೆ ಕುಸುಬಿ, ಎಳ್ಳು ಎರಡನ್ನೂ ಮೀರಿಸುತ್ತೆ, ತುಟಿಗೂ ಒಳ್ಳೇದು. ಕೂದಲು ಉದ್ದ ಬರುತ್ತೆ, ಹುಬ್ಬು ದಪ್ಪ ಆಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ನನಗಂತೂ ಕೂದಲು ಸಿಕ್ಕಾಗಿ ಬಾಚಣಿಗೆ ಮುರಿಯೋದೊಂದು ಬಾಕಿ ಇತ್ತು. ಹರಳು ಬೀಜದಲ್ಲಿ ರಿಸಿನ್ ಅನ್ನೋ ವಿಷ ಇದೆಯಲ್ಲ ಅಂತ ಹೆದರೋರಿಗೆ, ಅದು ಪ್ರೋಟೀನ್, ಎಣ್ಣೆಗೆ ಬರಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ಆದ್ರೆ ಎಳೇ ಮಗುಗೆ ಭೇದಿ ಆಗ್ಲಿ ಅಂತ ಕುಡಿಸೋದನ್ನ ಡಾಕ್ಟರ್ ಕೇಳದೇ ಮಾಡ್ಬೇಡಿ. ತಲೆಹೊಟ್ಟು ಇರೋರು ಈ ಮೂರನ್ನೂ ತಲೆಗೆ ಸುರಿಯೋ ಮುಂಚೆ ಯೋಚ್ನೆ ಮಾಡಿ, ಹೊಟ್ಟಿಗೆ ಕಾರಣ ಆಗೋ ಮಲಸೀಜಿಯಾ ಅನ್ನೋ ಫಂಗಸ್ ಬದುಕೋದೇ ಕೊಬ್ಬು ತಿಂದು.

ಇನ್ನು ತಿನ್ನೋ ವಿಷ್ಯ. ಕುಸುಬಿ ಎಣ್ಣೆ ಹಾರ್ಟಿಗೆ ಒಳ್ಳೇದು ಅಂತ ನಾವೆಲ್ಲಾ ಕೇಳ್ಕೊಂಡೇ ಬೆಳೆದಿದ್ದು, ಕೊಲೆಸ್ಟ್ರಾಲ್ ಇಳಿಸೋದು ನಿಜಾನೂ ಹೌದು. ಆದ್ರೆ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಹೃದಯದ ತೊಂದರೆ ಆಗಿದ್ದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೀತು, ಅರ್ಧ ಜನಕ್ಕೆ ಪ್ರಾಣಿ ಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತೆ ಅದ್ರದ್ದೇ ಮಾರ್ಗರಿನ್, ಅಂದ್ರೆ ಬೆಣ್ಣೆ ಬದಲು ಬಳಸೋದು. ಹಳೇ ಅಂಕಿ ಅಂಶ ಹುಡುಕಿ 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಕುಸುಬಿ ಗುಂಪಲ್ಲಿ ಸತ್ತೋರು 17.6 ಪರ್ಸೆಂಟ್, ಇನ್ನೊಂದರಲ್ಲಿ 11.8. ಒಂದೇ ಪ್ರಯೋಗ ನೋಡಿ ಎಣ್ಣೆ ಚೆಲ್ಲೋದು ಬೇಡ, ಬೇರೆ ಎಷ್ಟೋ ಅಧ್ಯಯನ ಇದಕ್ಕೆ ವಿರುದ್ಧಾನೂ ಹೇಳುತ್ತೆ, ಆದ್ರೆ ಕುಸುಬಿಯಲ್ಲಿ ಒಮೆಗಾ 3 ಅನ್ನೋ ಕೊಬ್ಬು ಇಲ್ಲ ಅಂದ್ರೆ ಇಲ್ಲ ಅನ್ನೋಷ್ಟೇ ಇರೋದು, ಅದೊಂದನ್ನೇ ವರ್ಷಗಟ್ಲೆ ತಿನ್ನೋದು ನನಗೆ ಸರಿ ಅನ್ಸಲ್ಲ. ಪದೇ ಪದೇ ಕಾಯಿಸಿದ್ರೆ ಹಳೇ ತಳಿ ಎಣ್ಣೆ ಬೇಗ ಕೆಡುತ್ತೆ, ಅದಕ್ಕೇ ಕರಿಯೋಕೆ ನಮ್ಮನೇಲಿ ಶೇಂಗಾ ಎಣ್ಣೆ. ಕುಸುಬಿ ಎಣ್ಣೆ ಹಸಿಯಾಗಿ, ಜೋಳದ ರೊಟ್ಟಿ ಜೊತೆ ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ) ಮೇಲೆ ಹಾಕ್ಕೊಂಡು ತಿನ್ನೋಕೆ. ಒಮೆಗಾ 3 ಕೊರತೆ ಅಗಸಿ ತುಂಬುತ್ತೆ, ನಮ್ಮವ್ವನಿಗೆ ಈ ಲೆಕ್ಕ ಗೊತ್ತಿಲ್ದೇ ಇದ್ರೂ ತಟ್ಟೆಯಲ್ಲಿ ಎರಡೂ ಒಟ್ಟಿಗೇ ಇರ್ತಿತ್ತು.

ಹಾಗಾದ್ರೆ ಅಗಸೆ ಎಣ್ಣೇನೇ ಮೈಗೆ ಹಚ್ಚಬಹುದಲ್ವಾ ಅಂತ ಕೇಳೋರಿಗೆ, ನಾನು ಹಚ್ಚಿಲ್ಲ, ಹಚ್ಚೋದೂ ಇಲ್ಲ. ಗಾಳಿಗೆ ಅದು ಒಣಗಿ ಪದರ ಕಟ್ಟುತ್ತೆ, ಕ್ರಿಕೆಟ್ ಬ್ಯಾಟಿಗೂ ಪೇಂಟಿಗೂ ಬಳಸೋದು ಆ ಗುಣಕ್ಕೇ. ಹುಚ್ಚೆಳ್ಳೆಣ್ಣೆ ಲಿನೋಲೆಯಿಕ್ ಲೆಕ್ಕದಲ್ಲಿ ಕುಸುಬಿ ಹತ್ರಾನೇ ಬರುತ್ತೆ, ಅತ್ತೆ ಊರಿನ ಕಡೆ ಯಾರಾದ್ರೂ ಗಾಣಕ್ಕೆ ಹಾಕಿಸ್ತಿದ್ರೆ ಹೇಳಿ, ಮುಂದಿನ ಚಳಿಗಾಲಕ್ಕೆ ಬಲಗಾಲು ಖಾಲಿ ಇದೆ.