ಕೋಡ್ ಕೊಡುವ ಮೊದಲು ಒಪ್ಪಂದ ಓದಿ: ನಾನು ಬರೆದ ಕನ್ನಡ ಹುಡುಕಾಟ ಈಗ ಮಾರಾಟಕ್ಕಿದೆ

ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಮುಕ್ತ ತಂತ್ರಾಂಶಗಳಿಗೆ ಕೋಡ್ ಬರೆದುಕೊಡುವವರು, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳು, ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ಕಂಪನಿಯ ದಾಖಲೆ ಹುಡುಕುವ ತಂತ್ರಾಂಶಕ್ಕೆ ಕನ್ನಡವನ್ನು ಸೇರಿಸಿದವನು ನಾನು. ಆ ಕನ್ನಡದ ಭಾಗಕ್ಕೇ ಈಗ ಬೀಗ ಹಾಕಿ ದುಡ್ಡು ಕೇಳುತ್ತಿದ್ದಾರೆ.

ಅದೇನು ಸಣ್ಣ ಕೆಲಸವಲ್ಲ. ‘ಮನೆ’ ಎಂದು ಹುಡುಕಿದರೆ ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದಲೂ’ ಎಲ್ಲವೂ ಸಿಗಬೇಕು. ‘ರ‍್ಯಾಂಕ್’ ಎಂಬುದನ್ನು ಕೆಲವರು ಅರ್ಕಾವತ್ತಿನಿಂದ ಬರೆಯುತ್ತಾರೆ, ಕೆಲವರು ಯ ಒತ್ತಿನಿಂದ. ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಎಂಬ ಅಕ್ಷರ ಜೋಡಿಸುವ ಸಂಕೇತ ಕುಳಿತು ಹುಡುಕಾಟವನ್ನೇ ಕೆಡಿಸುತ್ತದೆ. ಇವನ್ನೆಲ್ಲ ಸರಿಪಡಿಸಲು ಎಷ್ಟು ರಾತ್ರಿ ನಿದ್ದೆಗೆಟ್ಟೆನೋ. ಸಂಬಳ ಕೇಳಲಿಲ್ಲ. ತಂತ್ರಾಂಶಕ್ಕೆ ಜಿಪಿಎಲ್ ಎಂಬ ಮುಕ್ತ ಪರವಾನಗಿ ಇತ್ತು. ಯಾರು ಬದಲಿಸಿ ಹಂಚಿದರೂ ಮೂಲ ಕೋಡ್ ಕೊಡಲೇಬೇಕು ಎಂಬ ಧೈರ್ಯವಿತ್ತು.

ಮೊದಲ ತಿದ್ದುಪಡಿ ಕಳಿಸಿದಾಗಲೇ, ನಾವು ಕೊಟ್ಟ ಕೋಡ್ ಮೇಲೆ ಕಂಪನಿಗೆ ಯಾವ ಹಕ್ಕು ಸಿಗುತ್ತದೆ ಎಂದು ಹೇಳುವ ‘ಕೊಡುಗೆದಾರರ ಒಪ್ಪಂದ’ಕ್ಕೆ ಸಮ್ಮತಿ ಕೇಳಿದರು. ಇದು ಏಕೆ ಎಂದು ನಾನು ಕೇಳಿದ್ದೆ. “ನಮ್ಮ ವಕೀಲರ ಸಮಾಧಾನಕ್ಕಷ್ಟೇ, ತಂತ್ರಾಂಶ ಯಾವತ್ತೂ ಮುಕ್ತವಾಗಿಯೇ ಇರುತ್ತದೆ” ಎಂದು ಬರೆದುಕೊಟ್ಟಿದ್ದರು. ಬರೆದುಕೊಟ್ಟಿದ್ದರು!

ಆಮೇಲೆ ಒಂದು ದಿನ, ನಾನೇ ಒತ್ತಾಯಿಸಿ ಈ ತಂತ್ರಾಂಶ ಹಾಕಿಸಿದ್ದ ಗ್ರಂಥಾಲಯದವರು ಫೋನ್ ಮಾಡಿದರು. “ಸರ್, ಹೊಸ ಆವೃತ್ತಿ ಹಾಕಿಕೊಂಡೆವು. ಕನ್ನಡ ಹುಡುಕಾಟಕ್ಕೆ ವರ್ಷಾವರ್ಷ ಹಣ ಕಟ್ಟಬೇಕಂತೆ. ಇದನ್ನು ನೀವೇ ಮಾಡಿದ್ದು ಎಂದಿದ್ದಿರಲ್ಲವೇ? ಇದರಲ್ಲಿ ನಿಮಗೂ ಪಾಲು ಬರುತ್ತದೆಯೇ?” ಆ ಕೊನೆಯ ಪ್ರಶ್ನೆಗೆ ನನ್ನ ಬಾಯಿ ಕಟ್ಟಿಹೋಯಿತು. ಅವರ ತಪ್ಪೇನಿಲ್ಲ, ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ನನ್ನ ಮಾತು ನಂಬಿ ಕೋಡ್ ಬರೆದುಕೊಟ್ಟ ವಿದ್ಯಾರ್ಥಿಗಳಿಗೆ ಏನು ಹೇಳಲಿ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ಕಂಪನಿಗೆ ಬರೆದೆ. “ನಿಮ್ಮ ಕೊಡುಗೆಗೆ ಧನ್ಯವಾದ, ಸಮುದಾಯ ಆವೃತ್ತಿ ಉಚಿತವಾಗಿಯೇ ಇದೆ” ಎಂಬ ಉತ್ತರ ಬಂತು. ಇದೆ, ಆದರೆ ಅದರಲ್ಲಿ ಕನ್ನಡವಿಲ್ಲ! ಮತ್ತೆ ಬರೆದೆ. “ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಶ್ರಮದಲ್ಲಿ ಹಣ ಮಾಡುತ್ತಿವೆ, ನಾವೂ ಉಳಿಯಬೇಕು” ಎಂದರು. ಉಳಿಯಲಿ, ಎಂಜಿನಿಯರುಗಳಿಗೆ ಸಂಬಳ ಬೇಕು, ನನಗೂ ಗೊತ್ತು. ಆದರೆ ಊರಿನ ಗ್ರಂಥಾಲಯ ಕ್ಲೌಡ್ ಕಂಪನಿಯೇ? ಮತ್ತೆ ಕೇಳಿದ್ದಕ್ಕೆ ಒಪ್ಪಂದದ ಕಲಮನ್ನೇ ಅಂಟಿಸಿ ಕಳಿಸಿದರು: ನನ್ನ ಕೋಡ್ ಮೇಲೆ ಕಂಪನಿಗೆ ಶಾಶ್ವತವಾದ, ಹಿಂಪಡೆಯಲಾಗದ, ಬೇರೆ ಪರವಾನಗಿಯಲ್ಲೂ ಹಂಚಬಹುದಾದ ಹಕ್ಕು. “ನೀವು ಸಮ್ಮತಿಸಿದ್ದೀರಿ.” ಅಷ್ಟೇ. ಅವರೇ ಬರೆದುಕೊಟ್ಟ ಮಾತಿನ ಬಗ್ಗೆ ಒಂದಕ್ಷರವಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಕಂಪನಿಗಳು ನಡೆಸುತ್ತಿದ್ದ ಮುಕ್ತ ತಂತ್ರಾಂಶಗಳಲ್ಲಿ ಹುಡುಕಾಟದ ಎಲಾಸ್ಟಿಕ್‌ಸರ್ಚ್ 2021ರಲ್ಲಿ, ಸರ್ವರ್ ವ್ಯವಸ್ಥೆ ಕಟ್ಟುವ ಟೆರಾಫಾರ್ಮ್ 2023ರಲ್ಲಿ, ದತ್ತಾಂಶ ಸಂಗ್ರಹದ ರೆಡಿಸ್ 2024ರಲ್ಲಿ ಬಿಗಿಯಾದ ಪರವಾನಗಿಗೆ ಬದಲಾದವು. ಸಿಟ್ಟಾದವರು ಹಳೆಯ ಮುಕ್ತ ಕೋಡ್ ಹಿಡಿದು ಟೆರಾಫಾರ್ಮ್, ರೆಡಿಸ್ ಇವೆರಡಕ್ಕೆ ಬದಲಾಗಿ ಓಪನ್‌ಟೋಫು, ವಾಲ್ಕೀ ಕಟ್ಟಿದರು. ಅವು ಲಿನಕ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿವೆ. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯನ್ನು ಸೇರಿಸಿದವು. ಅಷ್ಟರಲ್ಲಿ ಸಮುದಾಯ ಒಡೆದಿತ್ತು.

ಒಪ್ಪಂದವಿಲ್ಲದೆ ಯೋಜನೆ ನಡೆಯುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ 2004ರಿಂದ ಡಿಸಿಒ ಎಂಬ ಸರಳ ಘೋಷಣೆಯಲ್ಲೇ ನಡೆಯುತ್ತಿದೆ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಒಂದು ಸಾಲು ಬರೆದರೆ ಸಾಕು. ಪರವಾನಗಿ ಬದಲಿಸುವ ಹೆಚ್ಚಿನ ಅಧಿಕಾರ ಯಾರಿಗೂ ಹೋಗುವುದಿಲ್ಲ. ಕೋಡಿನ ಹಕ್ಕು ಸಾವಿರಾರು ಜನರಲ್ಲಿ ಹಂಚಿಹೋಗಿರುವುದರಿಂದ ಒಂದು ಕಂಪನಿ ಎದ್ದುನಿಂತು ಅದಕ್ಕೆ ಬೀಗ ಹಾಕಲಾಗದು. ಒಪ್ಪಂದ ಕೇಳುತ್ತಿರುವುದು ಲಾಭದ ಕಂಪನಿಯೋ ಪ್ರತಿಷ್ಠಾನವೋ ನೋಡಿ. ಕಂಪನಿಯಾದರೆ, ಬೇರೆ ಪರವಾನಗಿ ಕೊಡುವ ಹಕ್ಕು ಕೇಳಿದರೆ, ಸಹಿ ಹಾಕಬೇಡಿ. ಬಾಯಿಮಾತಿನ, ಇಮೇಲಿನ ಭರವಸೆಗೆ ಬೆಲೆಯಿಲ್ಲ.

ನಾನು ಬರೆದ ಕೋಡಿನ ಕೃತಿಸ್ವಾಮ್ಯ ನನ್ನಲ್ಲೇ ಇದೆ. ಅಷ್ಟನ್ನು ಆ ಒಪ್ಪಂದ ಕಿತ್ತುಕೊಂಡಿಲ್ಲ. ಕನ್ನಡದ ಭಾಗವನ್ನು ಪ್ರತ್ಯೇಕ ಲೈಬ್ರರಿಯಾಗಿ ಜಿಪಿಎಲ್‌ನಲ್ಲಿ ಬಿಡುಗಡೆ ಮಾಡುತ್ತಿದ್ದೇನೆ, ಒಪ್ಪಂದವಿಲ್ಲ, ಡಿಸಿಒ ಮಾತ್ರ. ಅದೇ ಕಂಪನಿಯವರು ಈಗ ತುಳು, ಕೊಂಕಣಿಗೆ ಸ್ವಯಂಸೇವಕರನ್ನು ಕರೆಯುತ್ತಿದ್ದಾರೆ. ನಿಮಗೆ ಗೊತ್ತಿರುವವರು ಹೊರಟಿದ್ದರೆ ಇವತ್ತೇ ತಿಳಿಸಿ.